ಮೂರರಲ್ಲಿ ಒಂದೆಲೆ

ನಮ್ಮೂರಿನಲ್ಲಿ ಎಲ್ಲಿಗೂ ಹೋಗದವರನ್ನೂ ವರ್ಷಕ್ಕೊಮ್ಮೆ "ಬಂದ್ರಾ?" ಎಂದು ಕೇಳುತ್ತಾರೆ. ಕೇಳುವವಳು ನೀಲಗಂಗಮ್ಮಜ್ಜಿ. ಪ್ರತಿ ಮನೆಯ ಮುಂದೂ ಒಂದೊಂದು ಕೆಟಾಲ್ಪ ಮರವಿದೆ; ಚಳಿ ಕಳೆದು ಅದು ಚಿಗುರಬೇಕು. ಕೈಗೆ ಎಟುಕುವ ಕೊಂಬೆಯಲ್ಲಿ ಒಂದು ಎಲೆಯಾದರೂ ಅಜ್ಜಿಯ ಅಂಗೈ ಮುಚ್ಚುವಷ್ಟು ಅಗಲವಾಗಬೇಕು. ಆ ದಿನ ಅವಳು ಕೋಲೂರಿಕೊಂಡು ಬಂದು, ಎಲೆಯ ಅಡಿ ಕೈಯಿಟ್ಟು ನೋಡಿ, "ಬಂದ್ರಾ?" ಎನ್ನುತ್ತಾಳೆ. ಮನೆಯವರು ಹೊಸಿಲಲ್ಲಿ ನಿಂತು "ಬಂದ್ವಿ" ಎನ್ನುತ್ತಾರೆ. ಅಷ್ಟಾಯಿತೆಂದರೆ ಬೀದಿಯವರು ಅವರ ಮುಖ ನೋಡಿ ನಗುತ್ತಾರೆ, ಹಾಲಿನವನು ಹೆಸರು ಹಿಡಿದು ಕೂಗುತ್ತಾನೆ. ಅಲ್ಲಿಯವರೆಗೆ ಅದು ಬೋಳುಮನೆ.

ಬೋಳುಮನೆಯವರ ಮೇಲೆ ಯಾರಿಗೂ ಸಿಟ್ಟಿಲ್ಲ. ಅವರನ್ನು ನೋಡುವುದಿಲ್ಲ, ಮಾತಾಡಿಸುವುದಿಲ್ಲ, ಅಷ್ಟೆ. ಚಳಿಗಾಲದಲ್ಲಿ ಎಲ್ಲ ಮರಗಳೂ ಬೋಳಾಗಿರುವಾಗ ಯಾರದೂ ಬೋಳುಮನೆಯಲ್ಲ. ಮೊದಲ ಮನೆ ಬಂದ ಗಳಿಗೆಯಿಂದ ಉಳಿದವರೆಲ್ಲ ಬೋಳುಮನೆಯವರು. ಅವರು ಚೀಲದೊಳಗೆ ಚೀಟಿ ಇಟ್ಟು ರುದ್ರೇಶಿಯ ದಿನಸಿ ಅಂಗಡಿಯ ಕಟ್ಟೆಯ ಮೇಲಿಟ್ಟರೆ, ಅವನು ತಾರಸಿ ನೋಡುತ್ತ ಬೇಳೆ ಬೆಲ್ಲ ತುಂಬುತ್ತಾನೆ. ದಾರಿಯಲ್ಲಿ ಎದುರಾದರೆ ಬಂದ ಮನೆಯವರು ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಬಗ್ಗುತ್ತಾರೆ. ಇದಕ್ಕೆಂದೇ ನಮ್ಮೂರಿನಲ್ಲಿ ಬಾರಿಲ್ಲದ ಚಪ್ಪಲಿಯನ್ನು ಯಾರೂ ಕೊಳ್ಳುವುದಿಲ್ಲ. ಬೋಳುಮನೆಯವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಬಹುದು. ಮೊದಮೊದಲು ಅದು ಒಂದು ಗುಂಪು, ನಗು, ಎಲೆಯಡಿಕೆ. ಆಮೇಲೆ ದಿನಕ್ಕೊಬ್ಬರು ಎದ್ದು ಹೋಗುತ್ತಾರೆ. ಹೋದವರು ಮಾರನೆಯ ದಿನ ಉಳಿದವರನ್ನು ಕಂಡು ಬಾರು ಕಟ್ಟಿಕೊಳ್ಳುತ್ತಾರೆ.

ಕೆಟಾಲ್ಪ ನೆಡುವುದು ಸುಲಭ, ಜೊತೆಗೆ ಬಾಳುವುದು ಕಷ್ಟ. ಅರಳಿ ಎಲೆಯ ಆಕಾರ, ಊಟದೆಲೆಯ ಅಗಲ. ಒಂದೊಂದು ಗಿಣ್ಣಿನಲ್ಲೂ ಮೂರು ಮೂರು ಎಲೆ. ಬೇಸಿಗೆಗೆ ಬಿಳಿ ಹೂವಿನ ಗೊಂಚಲು, ಗಂಟಲಲ್ಲಿ ನೇರಳೆ ಚುಕ್ಕೆ. ಹೂ ಉದುರಿ ಅಂಗಳವೆಲ್ಲ ಅಂಟು. ಆಮೇಲೆ ಅಲಸಂದೆಯಂಥ ಮೊಳದುದ್ದದ ಕಾಯಿ ಜೋತುಬಿದ್ದು, ಒಣಗಿ, ಗಾಳಿಗೆ ಲಟಲಟ ಎನ್ನುತ್ತ ಹೆಂಚಿನ ಮೇಲೆ ಬೀಳುತ್ತವೆ. ಎಲೆ ಹಿಸುಕಿದರೆ ಕೆಟ್ಟ ವಾಸನೆ, ಎಷ್ಟು ತೊಳೆದರೂ ಕೈ ಬಿಡುವುದಿಲ್ಲ. ಮಕ್ಕಳು ಆ ಹೆಸರನ್ನು "ಕೆಟ್ಟ, ಅಲ್ಪ" ಎಂದು ಒಡೆದು ಜಗಳದಲ್ಲಿ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ನಾನೂ ಚಿಕ್ಕವನಿದ್ದಾಗ ಎಸೆದಿದ್ದೇನೆ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ಬೀದಿಗೆ ಒಂದು ಪರದೆ. ಮದುವೆಯಾದ ವರ್ಷ ಮರ ನೆಟ್ಟೆ. "ಗೋಡೆಯಿಂದ ಇಪ್ಪತ್ತು ಅಡಿಯಾದ್ರೂ ಬಿಡು ಹಾಲೇಶಿ, ಅದು ಮೈ ಬಿಡೋ ಮರ" ಎಂದು ನೀಲಗಂಗಮ್ಮಜ್ಜಿ ಹೇಳಿದ್ದಳು. ಬೇಗ ನೆರಳಾಗಲಿ ಎಂದು ಎಂಟೇ ಅಡಿ ಬಿಟ್ಟೆ. ಅದು ಮೈ ಬಿಟ್ಟಿತು. ಕೊಂಬೆ ಹೆಂಚಿಗೆ ತಾಗಿತು, ಕಾಯಿ ಬಿದ್ದು ಸೂರಿನ ನೀರುದೋಣಿ ಕಟ್ಟಿಕೊಂಡಿತು, ನನ್ನ ಹೆಂಡತಿ ವನಜಾಕ್ಷಿ ದಿನಕ್ಕೆ ಮೂರು ಸಲ ಗುಡಿಸಿ ಪೊರಕೆಯನ್ನು ನನ್ನ ಯಂತ್ರದ ಪಕ್ಕವೇ ಎಸೆಯತೊಡಗಿದಳು. ಹೋದ ವರ್ಷ ಎಲೆ ಇನ್ನೂ ಹಸುರಾಗಿರುವಾಗಲೇ ಕೊಡಲಿ ತಂದು ಎಲ್ಲ ಕೊಂಬೆಗಳನ್ನೂ ತೋಳುದ್ದಕ್ಕೆ ಕಡಿದೆ. ಅಜ್ಜಿ ದಾರಿಯಲ್ಲಿ ನಿಂತು ನೋಡಿದಳು. "ಎಲೆ ಉದುರೋ ತನಕ ತಡಿಬಾರ್ದಿತ್ತಾ? ಬಟ್ಟೆ ತುಂಡು ಮಾಡಿ ಹೊಲಿಯೋನಿಗೆ ಎಲ್ಲಾ ತುಂಡಾಗೇ ಕಾಣುತ್ತೆ" ಎಂದಳು. ನಾನು ನಕ್ಕೆ.

ಈ ವರ್ಷ ಎಲ್ಲ ಮರಗಳೂ ಬಂದವು. ನಮ್ಮದು ಬರಲಿಲ್ಲ. ಬೋಳುಮನೆಯವರ ಗುಂಪು ಐದಾಯಿತು, ಎರಡಾಯಿತು, ಕೊನೆಗೆ ನಾವೇ ಉಳಿದೆವು. ಅಂಗಡಿಗೆ ಯಾರೂ ಬರಲಿಲ್ಲ. ಮುಖ ನೋಡದೆ ಮೈ ಅಳತೆ ಕೊಡುವುದು ಹೇಗೆ? ಅದನ್ನು ತಡೆದುಕೊಂಡೆ. ತಡೆಯಲಾಗದ್ದು ಕುಸುಮಿಯ ಮಾತು. ಮೂರನೇ ಕ್ಲಾಸಿನ ನನ್ನ ಮಗಳು. ಗುರುಬಸಪ್ಪ ಮೇಷ್ಟ್ರು ಹಾಜರಿ ಕೂಗುವಾಗ ಅವಳ ಹೆಸರು ಬಂದಲ್ಲಿ ಒಂದು ಉಸಿರು ನಿಲ್ಲಿಸಿ ಮುಂದಿನ ಹೆಸರಿಗೆ ಹೋಗುತ್ತಿದ್ದರಂತೆ. ಮೊದಲ ವಾರ ಅದನ್ನು ನಗುತ್ತಲೇ ಹೇಳಿದಳು. ಮೂರನೇ ವಾರ ಊಟದ ತಟ್ಟೆ ಸರಿಸಿ, "ಅಪ್ಪಾ, ಇವತ್ತು ಮೇಷ್ಟ್ರು ನಿಲ್ಸ್‌ಲೇ ಇಲ್ಲ. ಹಂಗೇ ಹೋಗ್ಬಿಟ್ರು" ಎಂದಳು. ಆಮೇಲೆ, "ನನ್ ಹೆಸ್ರು ಮರ್ತೋಯ್ತೇನೋ" ಎಂದಳು.

ಬೋಳುಮನೆಯತ್ತ ನೋಡುವ ಹಕ್ಕು ನೀಲಗಂಗಮ್ಮಜ್ಜಿಗೆ ಒಬ್ಬಳಿಗೇ, ಅದೂ ಮರವನ್ನು ಮಾತ್ರ. ಅವಳು ದಿನವೂ ಸಂಜೆ ಬಂದು ನಮ್ಮ ಮರದ ಮೊಂಡುಗಳನ್ನು ತಡವಿ ಹೋಗುತ್ತಿದ್ದಳು. ಒಂದು ಸಂಜೆ ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಸಿರು. ಅವಳು ನನ್ನ ಕಡೆ ತಿರುಗಲಿಲ್ಲ, ಮರಕ್ಕೇ ಹೇಳಿದಳು: "ಜೀವ ಐತಿ ಬಿಡು. ಕಡ್ಸ್ಕೊಂಡೋರು ತಡವಾಗೇ ಬರೋದು. ಇನ್ನೊಂದು ಎಂಟು ದಿನ ತಡ್ಕೋ." ಅದು ನನಗೆ ಹೇಳಿದ್ದೆಂದು ನನಗೆ ಗೊತ್ತಿತ್ತು. ಹಸಿರನ್ನು ನಾನೂ ಕಣ್ಣಾರೆ ಕಂಡಿದ್ದೆ. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯೇ ಇಲ್ಲ.

ಮೂರನೇ ದಿನ ಮಧ್ಯಾಹ್ನ ಚೀಲ ಹಿಡಿದು ಹೊರಟೆ. ಊರಿನಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಅಜ್ಜಿಯ ಮರ. ಅವಳ ಗಂಡ ನೆಟ್ಟದ್ದು, ಅವಳು ಸಾಕಿದ್ದು; ಮನೆಯಿಂದ ದೂರ, ಬಯಲಲ್ಲಿ, ಬೇಕಾದಷ್ಟು ಜಾಗದಲ್ಲಿ ಕೊಡೆ ಬಿಚ್ಚಿಕೊಂಡು ನಿಂತಿತ್ತು. ಕೆಳಗಿನ ಕೊಂಬೆಗಳು ಭುಜದೆತ್ತರಕ್ಕೆ ಬಾಗಿದ್ದವು. ಕದಿಯುವವರು ಕತ್ತಲೆ ಹುಡುಕುತ್ತಾರೆ. ನನಗೆ ಅದೂ ಬೇಕಿರಲಿಲ್ಲ. ನಾನು ಬೋಳುಮನೆಯವನು. ಬೀದಿಯಲ್ಲಿ ಹತ್ತು ಜನ ಇದ್ದರು, ಹತ್ತೂ ಜನ ಬಾರು ಕಟ್ಟಿಕೊಳ್ಳಲು ಬಗ್ಗಿದರು. ಅವರ ಬೆನ್ನುಗಳ ನಡುವೆ ನಡೆದು ಹೋದೆ.

ಅಜ್ಜಿ ಮರದ ಕಟ್ಟೆಯ ಮೇಲೆಯೇ ಕೂತಿದ್ದಳು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ಹೆಜ್ಜೆ ಕೇಳಿ ಮುಖ ಆಚೆ ತಿರುಗಿಸಿದಳು. ನಾನು ಹಿಂದಿರುಗಬಹುದಿತ್ತು. ಕಟ್ಟೆಯ ಇನ್ನೊಂದು ತುದಿಗೆ ಹತ್ತಿ ಮೊದಲ ಎಲೆ ಕಿತ್ತೆ. ಚಟ್ ಎಂದಿತು. ಅವಳ ಬೆರಳು ಮೊರದಲ್ಲಿ ನಿಂತಿತು. ಇನ್ನೊಂದು ಕಿತ್ತೆ. ಆಗ ಅವಳು, ನನ್ನ ಕಡೆ ಬೆನ್ನು ಹಾಕಿಯೇ, ಮರಕ್ಕೆ ಹೇಳಿದಳು: "ಮೂರ್ರಲ್ಲಿ ಒಂದು ಹೋದ್ರೆ ನಿಂಗೇನೂ ಆಗಲ್ಲ. ಕೊಡು, ಕೊಡು. ಮಗು ಐತಿ ಆ ಮನೇಲಿ."

ನಾನು ಮೂರರಲ್ಲಿ ಒಂದನ್ನು ಕೀಳುತ್ತ ಹೋದೆ. ಹತ್ತು, ಹದಿನೈದು. ಅಳತೆಗೆ ಒಂದೇ ಎಲೆ ಸಾಕು. ಒಂಟಿ ಎಲೆ ನಂಬಿಕೆಗೆ ಬಾರದೆಂದರೆ ಹದಿನೈದು ಧಾರಾಳ ಸಾಕು. ಆದರೆ ಚೀಲದೊಳಗೆ ನೋಡಿದಾಗ ಅವು ಬಹಳ ಕಡಿಮೆ ಎನಿಸಿದವು. ನಮ್ಮ ಮರ ಹೇಗೆ ಕಾಣಬಹುದೆಂದು ಯೋಚಿಸಿದೆ; ರುದ್ರೇಶಿಯ ಮರದ ಪಕ್ಕ, ಮೇಷ್ಟ್ರ ಮರದ ಎದುರು. ಮೂರು ವಾರ ಬಾರು ಕಟ್ಟಿಕೊಂಡ ಬೆನ್ನುಗಳೆಲ್ಲ ಎದ್ದು ನಿಂತು ನೋಡಬೇಕು ಎನಿಸಿತು. ಒಂದೊಂದು ಗಿಣ್ಣಿನ ಎರಡನೆಯ ಎಲೆಗೂ ಕೈ ಹಾಕಿದೆ. ಅಜ್ಜಿ, "ಎರಡಾಯ್ತಾ" ಎಂದಳು, ಮರಕ್ಕೆ. ಅದು ಪ್ರಶ್ನೆಯೂ ಅಲ್ಲ, ಬೈಗುಳವೂ ಅಲ್ಲ. ಮೂರನೆಯದಕ್ಕೆ ಕೈ ಹಾಕಿದಾಗ ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು. ಚಟ್, ಚಟ್ ಎನ್ನುವುದು, ಮೊರದಲ್ಲಿ ಅಕ್ಕಿ ಸರಿಯುವುದು, ಇವೆರಡೇ ಸದ್ದು. ನಾನು ಇಳಿದಾಗ ಕೈಗೆ ಎಟುಕುವಲ್ಲಿ ಒಂದೆಲೆಯೂ ಇರಲಿಲ್ಲ. ನೆತ್ತಿಯಲ್ಲಿ ಮಾತ್ರ ಒಂದಿಷ್ಟು ಹಸಿರು, ಯಾರ ಅಂಗೈಗೂ ಸಿಗದಷ್ಟು ಮೇಲೆ. ಅವಳು ಇನ್ನೂ ಮುಖ ತಿರುಗಿಸಿಯೇ ಕೂತಿದ್ದಳು. ತಲೆಯ ಮೇಲೆ ಬಿಸಿಲು ಬಿದ್ದಿತ್ತು. ಸೆರಗು ಎಳೆದುಕೊಂಡಳು.

ಮನೆಗೆ ಬಂದು ಹಿತ್ತಿಲ ಬಾಗಿಲು ಹಾಕಿ ಕೆಲಸಕ್ಕೆ ಕೂತೆ. ತೊಟ್ಟಿನ ತುದಿ ಬಾಡದಂತೆ ನೂಲಿಗೆ ಹಚ್ಚುವ ಮೇಣವನ್ನೇ ಕಾಯಿಸಿ ಅದ್ದಿದೆ. ವನಜಾಕ್ಷಿ ಚೀಲ ನೋಡಿದಳು, ನನ್ನ ಕೈ ಮೂಸಿ ನೋಡಿದಳು. "ಯಾರ್ ಮರದ್ದು?" ಎಂದಳು. ಹೇಳಿದೆ. ಅವಳು ನೂಲಿನ ಪೆಟ್ಟಿಗೆ ತೆರೆದಳು. ಆಮೇಲೆ, "ನಾನು ನೋಡ್ಲಿಲ್ಲ. ನಾನೂ ಬಾರು ಕಟ್ಕೋತಿದ್ದೆ ಅಂದ್ಕೊಳ್ಳಿ" ಎಂದು ಸೂಜಿಗೆ ಹಸಿರು ನೂಲು ಪೋಣಿಸಿಕೊಟ್ಟಳು. ಕಡಿದ ಮೊಂಡುಗಳ ಸುತ್ತ ಮೂರು ಮೂರು ಎಲೆ ಸೇರಿಸಿ, ಗುಂಡಿ ಹೊಲಿಯುವ ಹಾಗೆ ನಾಲ್ಕು ಸುತ್ತು ಸುತ್ತಿ, ಗಂಟು ಒಳಗೆ ಹೋಗುವಂತೆ ಕಟ್ಟಿದೆ. ನನ್ನ ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು ಎಂದೂ ಇರಲಿಲ್ಲ. ಅಂಗಳದಲ್ಲಿ ಏಣಿ ಹಾಕಿಯೇ ಕಟ್ಟಿದೆ. ಯಾರೂ ನೋಡುವ ಹಾಗಿರಲಿಲ್ಲವಲ್ಲ.

ಸಂಜೆ ಅಜ್ಜಿ ಬಂದಳು. ಕೋಲನ್ನು ಗೋಡೆಗೆ ಒರಗಿಸಿ ಒಂದು ಎಲೆಯ ಅಡಿ ಅಂಗೈ ಇಟ್ಟಳು. ಎಲೆ ಅವಳ ಕೈಗಿಂತ ಅಗಲವಾಗಿತ್ತು. ಆಗಲೇ ಸ್ವಲ್ಪ ಸೊರಗಿತ್ತು. ಅವಳ ಹೆಬ್ಬೆರಳು ತೊಟ್ಟಿನ ಮೇಲೆ ಸರಿದು ನೂಲಿನ ಸುತ್ತಿಗೆ ಬಂದು ನಿಂತಿತು. ಹೊಸಿಲಲ್ಲಿ ವನಜಾಕ್ಷಿ, ಕುಸುಮಿ, ನಾನು. ಬೀದಿಯಲ್ಲಿ ಜನ ಬೆನ್ನು ಹಾಕಿ, ಕಿವಿ ಇಟ್ಟು ಕಾಯುತ್ತಿದ್ದರು. ಅವಳು ಆ ಸುತ್ತನ್ನು ಒಂದು ಸಲ, ಮಗುವಿನ ಉಡಿದಾರ ಸರಿಮಾಡುವಂತೆ, ಸರಿಮಾಡಿದಳು. ಆಮೇಲೆ ನಮ್ಮ ಕಡೆ ತಿರುಗಿ, "ಬಂದ್ರಾ?" ಎಂದಳು.

ಕುಸುಮಿ ನನಗಿಂತ ಮೊದಲು ಕೂಗಿದಳು: "ಬಂದ್ವೀ!"

ಬೀದಿಯೆಲ್ಲ ತಿರುಗಿತು. ರುದ್ರೇಶಿ ಓಡಿಬಂದು ಭುಜ ತಟ್ಟಿದ. "ಏನಯ್ಯಾ ಹಾಲೇಶಿ, ಬಂದ್ರೆ ಹಿಂಗ್ ಬರ್ಬೇಕು! ನಮ್ದು ಒಂದು ವಾರ ತಗಂತು ಇಷ್ಟಾಗಕ್ಕೆ. ನಿಂದು ರೆಡಿಮೇಡ್ ಬಂದಂಗೈತಲ್ಲೋ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಅಜ್ಜಿ ಕೋಲು ತೆಗೆದುಕೊಂಡು ಹೊರಟಾಗಿತ್ತು.

ಮರುದಿನ ಬೆಳಿಗ್ಗೆ ಅವಳ ಮರವನ್ನು ಊರು ನೋಡಿತು. "ಹುಳ ಬಿದ್ದೈತಿ" ಎಂದರು. ಕೆಟಾಲ್ಪಕ್ಕೆ ಒಂದು ಹುಳ ಬೀಳುವುದುಂಟು, ಕಪ್ಪು ಪಟ್ಟೆಯದು, ಬಿದ್ದರೆ ಮರವನ್ನು ಬರಿದು ಮಾಡಿಯೇ ಏಳುತ್ತದೆ. ಅಜ್ಜಿಯ ಮನೆ ಬೋಳಾದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಎಲ್ಲರಿಗೂ ಪಾಪ ಎನಿಸಿತು. ಎಲ್ಲರೂ ಬಾರು ಕಟ್ಟಿಕೊಳ್ಳಲು ಬಗ್ಗಿದರು. ನಾವು ಬಂದ ಮೇಲೆ ಬೇರೆ ಬೋಳುಮನೆ ಉಳಿದಿರಲಿಲ್ಲ. ಅವಳಿಗೆ ಮಾತಾಡಲು ಮರವೊಂದೇ.

ಅಂಗಡಿ ತುಂಬಿತು. ಮೂರು ವಾರದ ಬಟ್ಟೆ ಒಂದೇ ಸಲ ಬಂತು. ಕುಸುಮಿ ಶಾಲೆಯಿಂದ ಕುಣಿದುಕೊಂಡು ಬಂದು, "ಮೇಷ್ಟ್ರು ನನ್ ಹೆಸ್ರು ಎರಡ್ ಸಲ ಕೂಗಿದ್ರು" ಎಂದಳು. ಆ ಮಾತು ಕೇಳಿದಾಗ, ಮಾಡಿದ್ದು ಸರಿ ಎಂದು ಒಂದು ಗಳಿಗೆ ನಿಜವಾಗಿಯೂ ಅನಿಸಿತು. ಅದನ್ನೂ ಬರೆಯಬೇಕು.

ಎರಡು ದಿನ ಬಿಟ್ಟು ಅಜ್ಜಿ ಅಂಗಡಿಗೆ ಬಂದಳು. ಚಳಿಗಾಲದಲ್ಲಿ ನಾನು ಹೊಲಿದುಕೊಟ್ಟಿದ್ದ ರವಿಕೆಯನ್ನು ಚೀಲದಲ್ಲಿ ವಾಪಸು ತಂದು, ಹಲಗೆಯ ಮೇಲಿಟ್ಟು ಬಾಗಿಲಲ್ಲಿ ನಿಂತಳು. ಚೀಟಿಯಲ್ಲಿ ದುಂಡು ಅಕ್ಷರ: "ಬಲತೋಳು ಬಿಗಿ. ಅಳತೆ ಬೇಕಾದರೆ ಕೈ ಚಾಚಿರುತ್ತೇನೆ." ಒಳಗೆ ರುದ್ರೇಶಿಯ ಹೆಂಡತಿ ಇದ್ದಳು, ಮೇಷ್ಟ್ರ ಅತ್ತಿಗೆ ಇದ್ದಳು, ಇನ್ನಿಬ್ಬರಿದ್ದರು. ಎಲ್ಲರೂ ಬಟ್ಟೆ ನೋಡುವುದರಲ್ಲಿ ಮಗ್ನರಾದರು. ಅಜ್ಜಿ ಬಲಗೈಯನ್ನು ಪಕ್ಕಕ್ಕೆ ಚಾಚಿ ನಿಂತಳು. ತಾರಸಿ ನೋಡುತ್ತ ಟೇಪು ಸುತ್ತಬಹುದಿತ್ತು. ರುದ್ರೇಶಿ ತಾರಸಿ ನೋಡುತ್ತ ಬೇಳೆ ತೂಗುವುದಿಲ್ಲವೇ? ಟೇಪು ನನ್ನ ಕೊರಳಲ್ಲೇ ಇತ್ತು. ಎರಡು ಹೆಜ್ಜೆ. ಆದರೆ ನನ್ನ ಕೈಯಲ್ಲಿ ಆ ವಾಸನೆ ಇನ್ನೂ ಇತ್ತು, ನಾನು ಹತ್ತಿರ ಹೋದರೆ ಅದು ಅವಳಿಗೆ ಹೊಡೆಯುತ್ತದೆ ಎಂಬ ಯೋಚನೆ ಬಂದು ಕಾಲು ಏಳಲಿಲ್ಲ. ಅವಳಿಗೆ ಎಲ್ಲ ಗೊತ್ತಿರುವಾಗ ವಾಸನೆಗೆ ಹೆದರಿದೆ. ನನ್ನ ಬುದ್ಧಿ ಅಷ್ಟು.

ಆ ಚಾಚಿದ ಕೈ ಎಷ್ಟು ಹೊತ್ತು ಹಾಗೇ ಇತ್ತೋ. ಮೂಲೆಯಲ್ಲಿ ಬರೆಯುತ್ತ ಕೂತಿದ್ದ ಕುಸುಮಿ ಎದ್ದು, ತಲೆ ತಗ್ಗಿಸಿ, ಬಾಗಿಲ ಕಡೆ ಒಂದು ಸಲವೂ ಕಣ್ಣು ಹಾಯಿಸದೆ, ಪರದೆ ಎಳೆದಳು. ಎಷ್ಟು ಚೆನ್ನಾಗಿ ಎಳೆದಳೆಂದರೆ ಪರದೆಯ ಬಳೆಗಳ ಸದ್ದೂ ಆಗಲಿಲ್ಲ. "ಅಪ್ಪಾ, ಆ ಕಡೆ ನೋಡ್ಬೇಡ. ಬೋಳುಮನೆ" ಎಂದು ಪಿಸುಗುಟ್ಟಿದಳು. ರುದ್ರೇಶಿಯ ಹೆಂಡತಿ ಅವಳ ಕೆನ್ನೆ ಹಿಂಡಿ, "ಜಾಣೆ ಕಣೇ ನೀನು" ಎಂದಳು. ಪರದೆಯ ಕೆಳಗೆ ಎರಡು ಪಾದ, ಒಂದು ಕೋಲು ಸ್ವಲ್ಪ ಹೊತ್ತು ಇದ್ದವು. ಆಮೇಲೆ ಕೋಲಿನ ಸದ್ದು.

ಐದನೆಯ ದಿನ ಕಟ್ಟಿದ ಎಲೆಗಳು ಕಪ್ಪಾಗಿ ಸುರುಟಿಕೊಂಡವು. ಬಂದ ಮನೆಯ ಮರವನ್ನು, ಅದು ಪೂರ್ತಿ ಬರಿದಾಗಿ ಕಣ್ಣಿಗೆ ರಾಚದ ಹೊರತು, ಯಾರೂ ಎರಡನೇ ಸಲ ನೋಡುವುದಿಲ್ಲವಾದ್ದರಿಂದ ನನಗೆ ಏನೂ ಆಗಲಿಲ್ಲ. ಅವನ್ನು ಬಿಚ್ಚಲು ಏಣಿ ಹಾಕಿದೆ. ಒಂದೊಂದು ಮೊಂಡಿನಲ್ಲೂ, ನೂಲಿನ ಪಕ್ಕದಲ್ಲೇ, ಕಡಲೆಗಾತ್ರದ ಮೊಗ್ಗುಗಳು ಒಡೆದು ಮೂರು ಮೂರು ಎಲೆಯ ತುದಿ ಕಾಣುತ್ತಿತ್ತು. ಅಜ್ಜಿ ಹೇಳಿದ ಎಂಟು ದಿನ ಅವತ್ತಿಗೆ ಮುಗಿದಿತ್ತು. ಏಣಿಯ ಮೇಲೆಯೇ ಕೂತುಬಿಟ್ಟೆ. ಕೆಳಗೆ ಹೋಗುತ್ತಿದ್ದ ಗುರುಬಸಪ್ಪ ಮೇಷ್ಟ್ರು ತಲೆಯೆತ್ತಿ, "ಏನು ಹಾಲೇಶಪ್ಪ, ಮರಕ್ಕೂ ಅಳತೆ ತಗೊಳ್ತಿದೀರಾ?" ಎಂದು ನಗುತ್ತ ಹೋದರು.

ಬರಿದಾದ ಕೆಟಾಲ್ಪ ಸಾಯುವುದಿಲ್ಲ, ಮತ್ತೆ ಬರುತ್ತದೆ. ಅದಕ್ಕೆ ಅಜ್ಜಿಯ ಮರ ಇಪ್ಪತ್ತಮೂರು ದಿನ ತೆಗೆದುಕೊಂಡಿತು. ಆ ಇಪ್ಪತ್ತಮೂರು ದಿನವೂ ನಾನು ಆ ಬೀದಿಯಲ್ಲಿ ಬಾರು ಕಟ್ಟಿಕೊಂಡು ಹೋದೆ. ಎಲೆ ದೊಡ್ಡದಾಗುತ್ತಿದೆ ಎಂದು ಗೊತ್ತಾದಾಗ ಊರಿಗೆ ಒಂದು ತೊಡಕು ಎದುರಾಯಿತು. ಎಲ್ಲರಿಗಿಂತ ಮೊದಲು ಬರುವ ಅವಳನ್ನು ಕೇಳುವ ಪ್ರಸಂಗವೇ ಈವರೆಗೆ ಬಂದಿರಲಿಲ್ಲ. ಕೇಳುವವಳನ್ನೇ ಕೇಳುವವರು ಯಾರು? ರುದ್ರೇಶಿಯ ಅಂಗಡಿಯ ಮುಂದೆ ಸೇರಿದರು. "ಎಲ್ಲರಿಗಿಂತ ಕೊನೆಗೆ ಬಂದವರು ಕೇಳಲಿ. ಬೋಳುಮನೆಯ ಕಷ್ಟ ಹೆಚ್ಚು ಉಂಡಿರೋದು ಅವರೇ" ಎಂದರು ಮೇಷ್ಟ್ರು. "ಹೌದೌದು, ಅಳತೆ ಕೈ ಅವಂದು" ಎಂದ ರುದ್ರೇಶಿ. ಎಲ್ಲರೂ ನನ್ನನ್ನು ನೋಡಿದರು. ಆಗುವುದಿಲ್ಲ ಎಂದೆ. ವಿನಯ ಎಂದುಕೊಂಡು ನನ್ನನ್ನೇ ಗೊತ್ತುಮಾಡಿದರು.

ಅಜ್ಜಿ ಅದೇ ಕಟ್ಟೆಯ ಮೇಲೆ, ಅದೇ ಜಾಗದಲ್ಲಿ ಕೂತಿದ್ದಳು. ಮೊರ ಪಕ್ಕದಲ್ಲಿತ್ತು. ಹೊಸ ಎಲೆಗಳು ಮೊದಲಿನವಕ್ಕಿಂತ ಚಿಕ್ಕವು, ತೆಳು ಬಣ್ಣದವು. ನಾನು ಕಿತ್ತ ಕಡೆಯೆಲ್ಲ ತೊಟ್ಟಿನ ದುಂಡು ಗುರುತುಗಳು ಹಾಗೇ ಇದ್ದವು. ಅವಳ ಅಂಗೈಯ ಅಳತೆಯ ಕಾಗದ ಕತ್ತರಿಸಿಕೊಂಡು ಬಂದಿದ್ದೆ, ಹಳೆಯ ರವಿಕೆಯ ತೋಳಿನ ಅಳತೆಯಿಂದ ಅಂದಾಜು ಮಾಡಿ. ಅದು ಜೇಬಿನಲ್ಲೇ ಉಳಿಯಿತು. ನನ್ನ ಕೈಯನ್ನೇ ಎಲೆಯ ಅಡಿ ಇಟ್ಟೆ. ಎಲೆ ನನ್ನ ಕೈಯನ್ನೂ ಮುಚ್ಚಿತು. ಹಿಂದೆ ಊರು ಬೆನ್ನು ಹಾಕಿ ನಿಂತಿತ್ತು. ಕುಸುಮಿಯೂ ನಿಂತಿದ್ದಳು.

ಕೇಳಬೇಕಾದ ಮಾತು ಬಾಯಿಗೆ ಬರಲಿಲ್ಲ. ಬೇರೆ ಮಾತು ಬಂತು. "ಈ ಮರಕ್ಕೆ ಹುಳ ಬಿದ್ದಿರ್ಲಿಲ್ಲ. ಎಲೆ ಕಿತ್ತೋನು ನಾನು. ಕಿತ್ತು ನಮ್ ಮರಕ್ಕೆ ಕಟ್ಟಿದೆ. ನೂಲಿನಲ್ಲಿ" ಎಂದೆ. ಜೋರಾಗಿಯೇ ಹೇಳಿದೆ.

ಬೆನ್ನುಗಳು ಅಲ್ಲಾಡಲಿಲ್ಲ. ರುದ್ರೇಶಿ ಬಯಲು ನೋಡುತ್ತಲೇ ಕೇಳಿದ: "ಯಾವಾಗ?"

"ನಮ್ಮನೆ ಬಂದ ದಿನ ಮಧ್ಯಾಹ್ನ."

"ಹಂಗಾರೆ ಆಗ ನಿಮ್ದು ಬೋಳುಮನೆ." ಅವನ ದನಿ ಹಗುರಾಗಿತ್ತು. "ಬೋಳುಮನೆಯೋನು ಮಾಡಿದ್ದನ್ನ ನೋಡ್ದೋರು ಯಾರು? ಯಾರೂ ನೋಡ್ಲಿಲ್ಲ ಅಂದ್ಮೇಲೆ ಅದು ಆಗಿದ್ದು ಹೆಂಗಯ್ಯಾ?" ಮೇಷ್ಟ್ರು, "ನ್ಯಾಯವಾದ ಮಾತು" ಎಂದರು. ಯಾರೋ ಹೆಂಗಸು, "ನೋಡ್ರೀ, ಹುಳದ ಪಾಪಾನೂ ತನ್ ಮೇಲೆ ಹಾಕ್ಕೊಳ್ತಾರೆ, ಎಂಥಾ ಮನುಷ್ಯ" ಎಂದಳು. "ಕೇಳಪ್ಪಾ ಬೇಗ, ಬಿಸ್ಲು" ಎಂದು ಇನ್ನೊಬ್ಬರು.

ಕೇಳಿದೆ. "ಬಂದ್ರಾ?" ಎಂದೆ.

ನೀಲಗಂಗಮ್ಮಜ್ಜಿ ತಲೆಯೆತ್ತಿ ನನ್ನನ್ನು ನೋಡಿದಳು. ಅವತ್ತು ಆಚೆ ತಿರುಗಿಸಿದ ಮುಖವನ್ನು ಇಂದು ಈಚೆ ತಿರುಗಿಸಿದ ಹಾಗಿತ್ತು. ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಸಿಗುತ್ತಿತ್ತು.

"ನಾನೆಲ್ಲಿಗೂ ಹೋಗಿರ್ಲಿಲ್ಲ ಹಾಲೇಶಿ" ಎಂದಳು. "ಇಲ್ಲೇ ಕೂತಿದ್ದೆ."

ಊರು ಅದನ್ನೇ ಉತ್ತರವೆಂದುಕೊಂಡು ಗೊಳ್ಳೆಂದು ನಕ್ಕು ತಿರುಗಿತು. "ಬಂದ್ವಿ ಅನ್ಬೇಕಜ್ಜೀ, ನಿಂಗೇ ಮರ್ತೋಯ್ತಾ!" ಎಂದು ರುದ್ರೇಶಿ ಅವಳ ಕೈ ಹಿಡಿದು ಎಬ್ಬಿಸಿದ. ಎಲ್ಲರೂ ಅವಳನ್ನು ಸುತ್ತುವರಿದು ಒಟ್ಟಿಗೇ ಮಾತಾಡತೊಡಗಿದರು. ಇಪ್ಪತ್ತಮೂರು ದಿನದ ಮಾತು.

ನಾನು ಎಲೆಯ ಅಡಿಯಿಂದ ಕೈ ತೆಗೆದು, ಮನೆಗೆ ಹೋಗೋಣ ಎಂದು ಕುಸುಮಿಯತ್ತ ಚಾಚಿದೆ. ಅವಳು ನನ್ನ ಮುಖ ನೋಡಲಿಲ್ಲ. ಚಾಚಿದ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಗ್ಗಿ, ಬಿಗಿಯಾಗಿಯೇ ಇದ್ದ ಚಪ್ಪಲಿಯ ಬಾರನ್ನು ಬಿಚ್ಚಿ, ಮತ್ತೆ ಕಟ್ಟಿಕೊಳ್ಳತೊಡಗಿದಳು.